ಕೊಡಲಿಯ ಕಾವು

ಕನ್ನಡದ ಅಧ್ಯಾಪಕನಾದವನು ಕೊಡಲಿಯ ವಿಷಯವಾಗಿ ಬರೆಯಹೊರಟನೆಂದರೆ, ವಾಚಕರು ಪರಶುರಾಮನ ಕಥೆಯನ್ನಾಗಲಿ, ಮೋಳಿಗೆಯ ಮಾರಯ್ಯನ ವಚನಗಳ ವಿಮರ್ಶೆಯನ್ನಾಗಲಿ ನಿರೀಕ್ಷಿಸುವುದು ಸಹಜ. ಅವರನ್ನು ಮೊದಲೇ ನಿರಾಶೆಗೊಳಿಸಿಬಿಡುವುದು ಒಳ್ಳೆಯದು. ನಾನು ಹೇಳಹೊರಟಿರುವುದು ಕೊಡಲಿಯ ವಿಷಯವೂ ಅಲ್ಲ. ಅದರ ಕಾವಿನ ವಿಷಯ. ಕೊಡಲಿಗೆ ಹರಿತವುಂಟು, ಹೊಳಪುಂಟು, ಪುರಾಣದಲ್ಲಿ ಸ್ಥಾನವುಂಟು. ಪಾಪ, ಕಾವಿಗೆ ಇರುವುದು ಒಂದು ಗಾದೆ. ಅದೂ ಬೈಗುಳದ ಗಾದೆ.

ಹೋದ ಶ್ರಾವಣದಲ್ಲಿ ನಮ್ಮ ಹುಡುಗರಿಗೆ ಆ ಗಾದೆಯನ್ನೇ ವಿಸ್ತರಿಸಿ ಬರೆಯಲು ಕೊಟ್ಟಿದ್ದೆ: 'ಕೊಡಲಿ ಕಾವು ಕುಲಕ್ಕೆ ಮೂಲ.' ಪಟ್ಟಣದಲ್ಲಿ ಬೆಳೆದ ಹುಡುಗನೊಬ್ಬ ಎದ್ದು ನಿಂತು, "ಸರ್, ಕೊಡಲಿಗೆ ಕಾವು ಯಾಕ ಬರ್ತದ್ರೀ? ಬಿಸಿಲಾಗ ಇಟ್ಟಿದ್ರೇನ್ರೀ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅವನದೇನೂ ತಪ್ಪಿಲ್ಲ. ಕನ್ನಡದಲ್ಲಿ ಕಾವೆಂದರೆ ಬಿಸಿಯೂ ಹೌದು, ಹಿಡಿಕೆಯೂ ಹೌದು. ಗ್ಯಾಸಿನ ಒಲೆಯ ಮನೆಯಲ್ಲಿ ಬೆಳೆದವನು ಒಂದು ಕಾವನ್ನು ಮಾತ್ರ ಬಲ್ಲ. ನಾನು ಹಲಗೆಯ ಮೇಲೆ ಕೊಡಲಿಯ ಚಿತ್ರ ಬರೆದು, ಇದು ಕಬ್ಬಿಣ, ಇದು ಕಾವು, ಕಾವು ಮರದ್ದು, ಆದರೂ ತನ್ನ ಕುಲವಾದ ಮರವನ್ನೇ ಕಡಿಯಲು ಅದು ನೆರವಾಗುತ್ತದೆ, ಆದ್ದರಿಂದ ಸ್ವಂತ ಮನೆಗೆ ಎರಡು ಬಗೆಯುವವನಿಗೆ ಈ ಹೋಲಿಕೆ ಎಂದು ವಿವರಿಸಿದೆ. ಗ್ರೀಕರ ಈಸೋಪನ ಕಥೆಗಳಲ್ಲಿಯೂ, ಮರ ಕಡಿಯಲು ಬಂದವನಿಗೆ ಮರಗಳೇ ಒಂದು ಕಾವನ್ನು ದಾನ ಮಾಡಿ ಕೆಟ್ಟ ಪ್ರಸಂಗವಿದೆಯೆಂದೂ ಸೇರಿಸಿದೆ. ಹುಡುಗರು ಬರೆದುಕೊಂಡರು. ಗಂಟೆ ಹೊಡೆಯಿತು. ಆದರೆ ಹಲಗೆಯ ಮೇಲಿನ ಆ ಚಿತ್ರವನ್ನು ಅಳಿಸುವಾಗ ನನ್ನ ಕೈ ಒಂದು ಕ್ಷಣ ತಡೆಯಿತು. ಅದಕ್ಕೊಂದು ಕಾರಣವುಂಟು.

ನನ್ನ ಬದುಕು ವಿಜಯಪುರ ಜಿಲ್ಲೆಯ ನಾಲ್ಕು ತಾಲೂಕುಗಳಲ್ಲಿ ಹಂಚಿಹೋಗಿದೆ. ಹುಟ್ಟಿದ್ದು ಮುದ್ದೇಬಿಹಾಳ ತಾಲೂಕಿನಲ್ಲಿ, ತಾಳಿಕೋಟೆಯ ಸಮೀಪ ಡೋಣಿ ದಂಡೆಯ ಒಂದು ಹಳ್ಳಿಯಲ್ಲಿ. ಈಗ ತಾಳಿಕೋಟೆಯೇ ತಾಲೂಕಾಗಿದೆ. ಆದರೂ ನಮ್ಮೂರ ಹಿರಿಯರು ತಾವು ಮುದ್ದೇಬಿಹಾಳದವರೆಂದು ಹೇಳುವುದನ್ನು ಬಿಟ್ಟಿಲ್ಲ. ಅಕ್ಕನನ್ನು ಕೊಟ್ಟದ್ದು ಬಸವನ ಬಾಗೇವಾಡಿಯ ಕಡೆಗೆ. ಹೆಂಡತಿಯ ತವರು ಸಿಂದಗಿ ತಾಲೂಕು. ಅನ್ನ ಹುಟ್ಟುವುದು ಇಂಡಿಯಲ್ಲಿ. ಈ ನಾಲ್ಕೂ ಕಡೆ ಬಿಸಿಲು ಒಂದೇ, ಎರಿಭೂಮಿ ಒಂದೇ, ಬಿಳಿಜೋಳದ ರೊಟ್ಟಿ ಒಂದೇ. ಕಾಡು ಮಾತ್ರ ಎಲ್ಲಿಯೂ ಇಲ್ಲವೆಂದರೆ ನಡೆದೀತು. ಮಲೆನಾಡಿನವರಿಗೆ ಕಟ್ಟಿಗೆಯೆಂದರೆ ಮರ. ನಮಗೆ ಕಟ್ಟಿಗೆಯೆಂದರೆ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ; ಸಾಲದೆ ಬಂದರೆ ಕುಳ್ಳು. ದಿನದ ಒಲೆಗೆ ಅಷ್ಟು ಸಾಕು. ಈಗಂತೂ ಸಿಲಿಂಡರು ಬಂದಿದೆ. ಆದರೆ ಮನೆಯಲ್ಲಿ ಮದುವೆ, ಊರಲ್ಲಿ ಜಾತ್ರೆಯ ದಾಸೋಹ ಎಂದು ಬಂದಾಗ ಬದುವಿನ ಮೇಲಿನ ಜಾಲಿಯನ್ನು ಕೆಡವಲೇಬೇಕು. ಕೆಡವಿದ ಬೊಡ್ಡೆಯನ್ನು ಒಡೆಯಲೇಬೇಕು.

ಮರ ಕಡಿಯುವುದು ಬೇರೆ, ಕಟ್ಟಿಗೆ ಒಡೆಯುವುದು ಬೇರೆ. ಕಡಿಯುವ ಕೊಡಲಿ ತೆಳುವಾದದ್ದು, ಹಗುರವಾದದ್ದು. ಅದು ಮರದ ನಾರನ್ನು ಅಡ್ಡಲಾಗಿ ಕತ್ತರಿಸುತ್ತದೆ. ಒಡೆಯುವ ಕೊಡಲಿ ದಪ್ಪ, ಭಾರ, ಬೆಣೆಯಂಥ ಮುಖದ್ದು. ಅದು ಕತ್ತರಿಸುವುದಕ್ಕಿಂತ ಹೆಚ್ಚಾಗಿ ನಾರು ನಾರನ್ನು ದೂಡಿ ಬೇರೆ ಮಾಡುತ್ತದೆ. ಅದಕ್ಕೂ ಬಗ್ಗದ ಗಂಟುಬೊಡ್ಡೆಗೆ ಕಬ್ಬಿಣದ ಬೆಣೆ ಇಟ್ಟು ಮೇಲಿನಿಂದ ಘಣ ಬೀಸಬೇಕು. ಇಂಥ ಕೊಡಲಿಯ ಕಾವಿಗೆ ಕಷ್ಟ ಹೆಚ್ಚು. ಏಟು ಸರಿಯಾಗಿ ಬಿದ್ದರೆ ಆಘಾತವನ್ನು ಅದು ತಾಳಬೇಕು. ಗುರಿ ಒಂದಿಷ್ಟು ತಪ್ಪಿ ಮುಂದೆ ಬಿದ್ದಿತೋ, ಬೊಡ್ಡೆಯ ಅಂಚಿಗೆ ಕಾವೇ ಬಡಿಯುತ್ತದೆ. ಕಬ್ಬಿಣ ಹತ್ತು ಕಾವುಗಳನ್ನು ತಿಂದು ಬದುಕುತ್ತದೆ. ನಮ್ಮ ಭಾಗದ ಹಳ್ಳಿಯ ಹಾಡುಗಳನ್ನು ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಕೂಡಿಸಿ, 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ಬೀಸುವ ಹೆಣ್ಣುಮಗಳಿಗೆ ಹಾಡುಂಟು. ಕಟ್ಟಿಗೆ ಒಡೆಯುವವನಿಗೆ ಹುಂಕಾರವೊಂದೇ. ಉಸಿರೆಲ್ಲ ಏಟಿಗೇ ಹೋಗುತ್ತದೆ.

ಹೋದ ಬೇಸಿಗೆಯಲ್ಲಿ ಅಣ್ಣನ ಮಗಳ ಮದುವೆ. ಕಟ್ಟಿಗೆ ಒಡೆಯುವ ಕೆಲಸ ಅಣ್ಣ ಯಾರಿಗೂ ಬಿಟ್ಟುಕೊಡುವವನಲ್ಲ. ಐವತ್ತರ ಹತ್ತಿರ ಬಂದಿದ್ದಾನೆ. ಎಡಗಾಲು ತುಸು ಎಳೆಯುತ್ತಾನೆ. ಆದರೂ ಜಾಲಿಯ ಬೊಡ್ಡೆ ಕಂಡರೆ ಧೋತರ ಮೇಲಕ್ಕೆ ಕಟ್ಟಿಯೇ ಬಿಡುತ್ತಾನೆ. ನಾನು ಮದುವೆಗೆ ಹದಿನೈದು ದಿನ ಮೊದಲು ಪೇಟೆಯಲ್ಲಿ ಹುಡುಕಿ, ಕಬ್ಬಿಣದ ಪೈಪನ್ನು ಬೆಸುಗೆ ಹಾಕಿ ಕೂಡಿಸಿದ ಒಂದು ಕೊಡಲಿಯನ್ನು ಕೊಂಡು ಒಯ್ದೆನು. ಅಂಗಡಿಯವನು ಅದನ್ನು ಕಟ್ಟೆಯ ಕಲ್ಲಿಗೆ ಬಡಿದು ತೋರಿಸಿ, "ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಕಾವು ಕಳಚೂದಿಲ್ರೀ ಸರ್" ಎಂದಿದ್ದ. ನನಗೆ ಬೇಕಾಗಿದ್ದುದು ಅದೇ ಮಾತು. ಕಳಚದ ಕಾವು. ಅದಕ್ಕೆ ಎಷ್ಟು ಹಣ ಕೇಳಿದ್ದರೂ ಕೊಡುತ್ತಿದ್ದೆ.

ಅಣ್ಣ ಕೊಡಲಿಯನ್ನು ಕೈಯಲ್ಲಿ ತೂಗಿ ನೋಡಿ, "ಛಲೋ ಐತೋ ತಮ್ಮಾ" ಎಂದ. ಅಷ್ಟೇ. ಮದುವೆಯ ಮುನ್ನಾದಿನ ಹೋಗಿ ನೋಡಿದರೆ, ನನ್ನ ಕೊಡಲಿ ದನದ ಕೊಟ್ಟಿಗೆಯ ಮೂಲೆಯಲ್ಲಿ ಆರಾಮವಾಗಿ ಒರಗಿಕೊಂಡಿದೆ. ಅಣ್ಣ, ಸೀಳುಬಿಟ್ಟು ತಂತಿ ಸುತ್ತಿದ ಹಳೆಯ ಕಾವಿನ ಕೊಡಲಿಯಿಂದ ಬೆವರು ಸುರಿಸುತ್ತ ಒಡೆಯುತ್ತಿದ್ದಾನೆ! ನನಗೆ ಎದೆ ಧಸಕ್ಕೆಂದಿತು. ಮರುಗಳಿಗೆ ಸಿಟ್ಟೂ ಬಂದಿತು.

"ಅಣ್ಣಾ, ಆ ಕಾವು ಸೀಳ್ಯದ. ಹೊಸಾದು ಯಾಕ ತಗೊಳ್ಳಾಕತ್ತಿಲ್ಲ?"

ಅವನು ಏನೂ ಹೇಳದೆ ಕೊಟ್ಟಿಗೆಯಿಂದ ಹೊಸ ಕೊಡಲಿಯನ್ನು ತಂದು ನನ್ನ ಕೈಗೆ ಕೊಟ್ಟ. "ಹೊಡಿ" ಎಂದ.

ಪುಸ್ತಕ ಹಿಡಿದ ಕೈಯಾದರೂ ಹುಟ್ಟಿದ್ದು ಅದೇ ಅಂಗಳದಲ್ಲಿ. ಹೊಡೆದೆ. ಮೂರನೆಯ ಏಟಿಗೆ ಕೊಡಲಿ ಗಂಟಿಗೆ ತಾಕಿತು. ಆಗ ಅಂಗೈಯಿಂದ ಎದ್ದ ಝುಮ್ಮೆಂಬ ನಡುಕ ಮೊಣಕೈಗೆ ಏರಿ, ಭುಜಕ್ಕೆ ಏರಿ, ಹಲ್ಲಿನ ಬುಡದವರೆಗೆ ಬಂದು ನಿಂತಿತು. ಹತ್ತು ಏಟು ಹೊಡೆಯುವಷ್ಟರಲ್ಲಿ ಬೆರಳುಗಳು ನನ್ನವಲ್ಲವೆನಿಸಿತು. ಅಣ್ಣ ನಕ್ಕು ಹೇಳಿದ: "ಇದು ಮುರಿಯೂದಿಲ್ಲ, ಖರೆ. ಆದರ ತಾ ಮುರಿಯೂದಿಲ್ಲಂತ ಹಟಾ ಮಾಡಿ, ಹೊಡ್ತಾ ಎಲ್ಲಾ ನಮ್ಮ ಕೈಗೇ ಕೊಡ್ತೈತಿ. ಕಟಿಗಿ ಕಾವು ಹಂಗಲ್ಲ. ಅರ್ಧಾ ಹೊಡ್ತಾ ತಾನ ನುಂಗತೈತಿ."

ಈ ಮಾತಿನ ಅರ್ಥ ಅಂದು ನನಗೆ ಪೂರ್ತಿಯಾಗಿ ಆಗಲಿಲ್ಲ. ನನ್ನ ಉಡುಗೊರೆಯನ್ನು ಅವನು ಒಲ್ಲೆನೆಂದನೆಂಬ ನೋವೊಂದೇ ಉಳಿಯಿತು. ಶ್ರಾವಣದಲ್ಲಿ ಹಲಗೆಯ ಮೇಲೆ ಚಿತ್ರ ಬರೆದಾಗ ಆ ನೋವು ಮತ್ತೆ ಎದ್ದಿತು. ಅಣ್ಣನಿಗೆ ಒಳ್ಳೆಯ ಕಾವೊಂದನ್ನು ಒದಗಿಸಲೇಬೇಕೆಂದು ನಿಶ್ಚಯಿಸಿ, ಕಂಡಕಂಡವರನ್ನೆಲ್ಲ ಕೇಳತೊಡಗಿದೆನು.

ಇಂಡಿಯಲ್ಲಿ ಸಸ್ಯಶಾಸ್ತ್ರ ಕಲಿಸುವ ಮಿತ್ರರೊಬ್ಬರಿದ್ದಾರೆ. ಅವರು ಚಹದ ಬಟ್ಟಲು ಕೆಳಗಿಟ್ಟು ಲೋಕಸಂಚಾರವನ್ನೇ ಮಾಡಿಸಿದರು. ಅಮೆರಿಕದವರಿಗೆ ಹಿಕರಿ ಎಂಬ ಮರ. ಗಟ್ಟಿಯೂ ಹೌದು, ಬಳುಕುವ ಗುಣವೂ ಉಂಟು. ಕೊಡಲಿಯ ಕಾವೆಂದರೆ ಅಲ್ಲಿ ಅದೇ. ಇಂಗ್ಲೆಂಡಿನವರಿಗೆ ಆಶ್ ಮರ. ಆ ಆಶ್ ಮರಗಳನ್ನು ಅಮೆರಿಕದಲ್ಲಿ ಪಚ್ಚೆ ಬಣ್ಣದ ಒಂದು ಕೀಟ ಹೊಕ್ಕು ಕೋಟಿಗಟ್ಟಲೆ ಒಣಗಿಸಿದೆ. ಅದನ್ನು ಮೊದಲು ಅಲ್ಲಿ ಗುರುತಿಸಿದ್ದು 2002ರಲ್ಲಂತೆ. ನಮ್ಮ ದೇಶದ್ದೇ ಬೇಕಾದರೆ ಸಹ್ಯಾದ್ರಿಯ ಕಡೆಯ ದಿಂಡಿಗ, ತಡಸಲು. ಬಂಡಿಯ ಅಚ್ಚಿಗೂ ಕೊಡಲಿಯ ಕಾವಿಗೂ ಅವು ಹೆಸರಾದವು. "ಸಾಗವಾನಿ?" ಎಂದೆ. ಅವರು ತಲೆಯಲ್ಲಾಡಿಸಿದರು. ಸಾಗವಾನಿ ಬಾಗಿಲಿಗೆ ಒಳ್ಳೆಯದು, ಕುರ್ಚಿಗೆ ಒಳ್ಳೆಯದು. ಬಿಸಿಲು ಮಳೆಗೆ ಡೊಂಕಾಗದು. ಆದರೆ ಏಕಾಏಕಿ ಬೀಳುವ ಏಟನ್ನು ತಾಳುವ ಗುಣ ಅದಕ್ಕೆ ಕಡಿಮೆ. ಗಟ್ಟಿತನ ಬೇರೆ, ತಾಳಿಕೆ ಬೇರೆಯೆಂದು ಅವರು ಹೇಳಿದ್ದನ್ನು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಕೊನೆಗೆ ಅವರು, "ಇಷ್ಟೆಲ್ಲಾ ಹೇಳಿದೆ ಖರೆ, ದಿಂಡಿಗ ಇಂಡ್ಯಾಗ ಎಲ್ಲಿ ತರ್ತೀರಿ? ಇಲ್ಲಿ ಇರೂದು ನಿಂಬೀಗಿಡ!" ಎಂದು ನಕ್ಕರು. ಇಂಡಿಯ ನಿಂಬೆ ಊರೂರಿಗೆ ಹೆಸರಾದದ್ದು ನಿಜ. ಅದರ ಕಟ್ಟಿಗೆಯೂ ಗಟ್ಟಿಯೇ. ಆದರೆ ಎರಡು ಮೊಳ ನೆಟ್ಟಗೆ ಬೆಳೆದ ನಿಂಬೆಯ ಕೊಂಬೆಯನ್ನು ಕಂಡವರಾರು?

ಸಿಂದಗಿಯ ಕಡೆಯ ಮಾವನವರು ಬಾರಿಗಿಡದ ಪಕ್ಷ. "ಅಳಿಯಂದಿರ, ಬಾರಿ ಕಟಿಗಿ ಬಾಗತೈತಿ, ಮುರಿಯೂದಿಲ್ಲ" ಎಂದು, ತಮ್ಮ ಸಲಿಕೆ, ಗುದ್ದಲಿಗಳ ಕಾವುಗಳನ್ನೆಲ್ಲ ತಂದು ನನ್ನ ಮುಂದೆ ಸಾಲಾಗಿ ಇಟ್ಟರು. ಕುರಿ ಕಾಯುವವರು ಸೊಪ್ಪು ಕಡಿಯುವ ಸಣ್ಣ ಕೊಡಲಿಗೆ ಗಟ್ಟಿಬಿದಿರನ್ನು ಹಾಕುತ್ತಾರೆ. ಅದು ಹಗುರ, ದಿನವೆಲ್ಲ ಹೆಗಲ ಮೇಲೆ ಇಟ್ಟರೂ ಭಾರವಾಗದು. ಆದರೆ ಬೊಡ್ಡೆ ಒಡೆಯುವುದಕ್ಕೆ ನಡೆಯದು ಎಂದೂ ಹೇಳಿದರು. ಹುಣಸೆಯೋ? ಅದರ ಕೆಚ್ಚು ಕಲ್ಲಿನಂಥದು; ಒನಕೆಗೆ, ಕೊಡತಿಗೆ ಸರಿ, ಕಾವಿಗೆ ಒರಟು. ಬೇವೋ? "ಹುಳಾ ಹತ್ತೂದಿಲ್ಲ, ಅದೊಂದು ಗುಣಾ. ಸಸಾರ ಸಿಗತೈತಿ. ಸಸಾರ ಹೋಗತೈತಿ."

ಬೇವಿನ ಹೆಸರು ಬಂದಾಗ ನಾನು ಮಾತು ತಿರುಗಿಸಿದೆನು.

ಬಾಗೇವಾಡಿಯ ಕಡೆಯ ಭಾವನವರ ಮನೆಯಲ್ಲಿ ಮಾತ್ರ ಎಲ್ಲ ಕಾವುಗಳೂ ಕಬ್ಬಿಣದ ಪೈಪಿನವೇ. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಮುಂದೆ ಹಲವು ವರ್ಷಗಳ ಮೇಲೆ ಕೃಷ್ಣೆಯ ಹಿನ್ನೀರು ಮೇಲೇರಿದಾಗ ದಂಡೆಯ ಎಷ್ಟೋ ಹಳ್ಳಿಗಳು ಎದ್ದು ಬೇರೆ ಕಡೆ ಕೂತವು. ಭಾವನವರ ಹಳ್ಳಿಯೂ ಹಾಗೆ ಎದ್ದು ಬಂದದ್ದು. ಮನೆಯ ತೊಲೆ ಕಂಬಗಳನ್ನು ಬಿಚ್ಚಿ ತಂದರು, ದೇವರನ್ನು ತಂದರು, ಗಿಡಗಳನ್ನು ತರಲಾಗಲಿಲ್ಲ. "ಹಳೇ ಊರಾಗ ನಮ್ಮಜ್ಜ ಕಾವಿಗಂತನ ಬದುವಿನ ಮ್ಯಾಲ ನಾಕು ಜಾಲಿಗಿಡಾ ಬಿಟ್ಟಿದ್ದ. ಈಗ ಅವು ಮೀನಕ್ಕ ನೆರಳು" ಎಂದು ಭಾವ ಹೇಳಿದರು. ಅವರು ಪೈಪನ್ನು ಆರಿಸಿಕೊಂಡವರಲ್ಲ. ಅವರಿಗೆ ಉಳಿದದ್ದು ಪೈಪು. ಇಬ್ಬರೂ ಸುಮ್ಮನೆ ಕುಳಿತೆವು. ಬಸವಣ್ಣ ಹುಟ್ಟಿದ ಊರಿನ ಸೀಮೆಯಲ್ಲಿ ಕುಳಿತವನಿಗೆ ಮೋಳಿಗೆಯ ಮಾರಯ್ಯ ನೆನಪಾಗದಿರುತ್ತಾನೆಯೆ? ಕಾಶ್ಮೀರದ ಅರಸುತನ ಬಿಟ್ಟು ಕಲ್ಯಾಣಕ್ಕೆ ಬಂದು, ಕಟ್ಟಿಗೆ ಹೊರೆ ಮಾರಿ ದಾಸೋಹ ನಡೆಸಿದನೆಂದು ಪರಂಪರೆ ಹೇಳುತ್ತದೆ. ಸಿಂಹಾಸನದಿಂದ ಇಳಿದವನ ಅಂಗೈಯಲ್ಲಿ ಮೊದಲ ದಿನ ಎಷ್ಟು ಬೊಬ್ಬೆಗಳೆದ್ದವೋ! ಕಾಯಕದ ಮೊದಲ ಪಾಠವನ್ನು ಆತನಿಗೆ ಕಲಿಸಿದ್ದು ಕೊಡಲಿಯಲ್ಲ, ಕಾವೇ ಇದ್ದಿರಬೇಕು.

ನಡುವೆ ಬೆಂಗಳೂರಿನಲ್ಲಿ ಓದುವ ನನ್ನ ಮಗ ಫೋನಿನಲ್ಲಿಯೇ ಅಂಗಡಿ ಹುಡುಕಿ, ಗಾಜಿನ ನಾರನ್ನು ಅಂಟಿನಲ್ಲಿ ಎರಕ ಹೊಯ್ದ ಫೈಬರ್ ಕಾವಿನ ಕೊಡಲಿಯೊಂದನ್ನು ದೊಡ್ಡಪ್ಪನಿಗೆಂದು ತರಿಸಿ ಕಳಿಸಿದ. ಹಳದಿ ಕಪ್ಪು ಬಣ್ಣ. ನೋಡಲು ಕಣಜದ ಹುಳದಂತೆ.

ಈ ಎಲ್ಲ ಜ್ಞಾನವನ್ನು ಹೊತ್ತು ದಸರೆಯ ಸೂಟಿಗೆ ಊರಿಗೆ ಹೋದೆ. ಅಂದು ಮಹಾನವಮಿ, ಖಂಡೇ ಪೂಜೆ. ಅಣ್ಣ ಕುರಿಗೆ, ಕುಡುಗೋಲು, ಕುಡ, ಹಾರೆಗಳನ್ನು ತೊಳೆದು ಸಾಲಾಗಿ ಇಟ್ಟಿದ್ದ. ಅವುಗಳ ನಡುವೆ ಮೂರು ಕೊಡಲಿ: ತಂತಿ ಸುತ್ತಿದ ಹಳೆಯದು, ನನ್ನ ಪೈಪಿನದು, ಮಗನ ಹಳದಿಯದು. ಮೂರಕ್ಕೂ ವಿಭೂತಿ ಹಚ್ಚಿ, ಮೂರಕ್ಕೂ ಹೂವೇರಿಸಿದ. ಫೈಬರ್ ಕಾವಿನ ವಿಷಯ ಕೇಳಿದಾಗ ನ್ಯಾಯವಾಗಿಯೇ ಹೇಳಿದ: "ಛಲೋನ ಐತಿ. ಹಗರ ಐತಿ, ಕೈಗೆ ಬಡಿಯೂದೂ ಕಡಿಮಿ. ಆದರ ಒಮ್ಮಿ ಸೀಳ್ತಂದ್ರ ನಾ ಏನ್ ಮಾಡ್ಲಿ? ಅದರ ತೂತು ಬ್ಯಾರೆ, ನಮ್ಮ ಬಡಿಗ್ಯಾನ ಕೈ ಬ್ಯಾರೆ. ಜಾಲಿದಾದ್ರ ಬದುವಿನ ಮ್ಯಾಲ ಹುಟ್ಟತೈತಿ."

ಮರುದಿನ ಬನ್ನಿ ಕೊಟ್ಟು ತೆಗೆದುಕೊಂಡ ಮೇಲೆ, ಇಬ್ಬರೂ ಗರಗಸ ಹಿಡಿದುಕೊಂಡು ಬದುವಿಗೆ ಹೋದೆವು. ಡೋಣಿ ಹರಿದರೆ ಓಣಿಯೆಲ್ಲ ಜೋಳವೆಂಬ ಹೆಮ್ಮೆಯ ಹೊಳೆ ಅದು. ನೀರು ಉಪ್ಪು, ಮಣ್ಣು ಮಾತ್ರ ಬಂಗಾರ. ಈಗ ಹೊಳೆಯ ಪಾತ್ರದಲ್ಲಿ ಹೂಳು, ಹೂಳಿನ ಮೇಲೆ ಬಳ್ಳಾರಿಜಾಲಿ. ಪರದೇಶದಿಂದ ಬಂದು ಹಬ್ಬಿದ ಈ ಗಿಡದ ಕಟ್ಟಿಗೆ ಗಟ್ಟಿಯೇ, ಉರಿಯೂ ಜೋರು. ಕಾವಿಗೆ ಮಾತ್ರ ಅಂಕುಡೊಂಕು. ಅಣ್ಣ ಅದನ್ನು ದಾಟಿ ಕರಿಜಾಲಿಯ ಬಳಿಗೆ ನಡೆದ. ಬಂಡಿಯ ಗಾಲಿಗೆ, ಕುಂಟೆಗೆ, ಕೂರಿಗೆಗೆ ನಮ್ಮ ಎರೆಸೀಮೆಯ ಬಡಿಗರು ನೆಚ್ಚಿದ್ದು ಇದನ್ನೇ.

ನಾನು ಬೆರಳಗಾತ್ರಕ್ಕಿಂತ ತುಸು ದಪ್ಪಗೆ, ನೆಟ್ಟಗೆ ಕಂಡ ಒಂದು ಕೊಂಬೆಯನ್ನು ತೋರಿಸಿದೆ. "ಅದು ಬ್ಯಾಡ. ನಡುವ ತಿರಳಿರ್ತೈತಿ, ಒಣಗಿದ ಮ್ಯಾಲ ಸೀಳತೈತಿ" ಎಂದು ಅವನು ತೊಡೆಯಷ್ಟು ದಪ್ಪದ ಕೊಂಬೆಯೊಂದನ್ನು ಕೊಯ್ದು ಕೆಡವಿದ. ಎರಡು ಮೊಳದ ತುಂಡು ಮಾಡಿ, ಅದನ್ನು ಗರಗಸದಿಂದ ಕೊಯ್ಯದೆ, ಹಳೆಯ ಕೊಡಲಿಯಿಂದ ನಾಲ್ಕು ಹೋಳಾಗಿ ಒಡೆದ. ಗರಗಸ ತನಗೆ ಬೇಕಾದ ದಾರಿಯಲ್ಲಿ ನಾರನ್ನು ಕತ್ತರಿಸಿ ಹೋಗುತ್ತದೆ. ಒಡೆದರೆ ನಾರು ತನ್ನ ದಾರಿಯನ್ನು ತಾನೇ ತೋರಿಸುತ್ತದೆ. ತಲೆಯಿಂದ ಬುಡದವರೆಗೆ ನಾರು ಎಲ್ಲಿಯೂ ಹೊರಗೆ ಓಡಿಹೋಗದೆ ಉದ್ದಕ್ಕೂ ಇದ್ದರೆ ಮಾತ್ರ ಅದು ಕಾವು, ಇಲ್ಲವಾದರೆ ಉರುವಲು. ಒಂದು ಹೋಳು ತಿರುಚಿಕೊಂಡು ಒಡೆಯಿತು, ಒಂದರಲ್ಲಿ ಗಂಟು, ಒಂದರಲ್ಲಿ ಹುಳುವಿನ ದಾರಿ. ನಾಲ್ಕರಲ್ಲಿ ಉಳಿದದ್ದು ಒಂದು.

ಆ ಒಂದನ್ನು ಮಡಿಲಲ್ಲಿಟ್ಟುಕೊಂಡು ಅವನು ಬದುವಿನ ಮೇಲೆ ಕುಳಿತ. ಎಡಗಾಲನ್ನು ಮುಂದೆ ಚಾಚಿದ. ಆ ಕಾಲನ್ನು ನೋಡುತ್ತ ನಾನು ಹೇಳಬೇಕಾದದ್ದನ್ನು ಹೇಳಿಬಿಟ್ಟೆನು.

1989ರ ಬೇಸಿಗೆ. ಅಕ್ಕನ ಮದುವೆಯ ಗಡಿಬಿಡಿ. ನನಗೆ ಒಂಬತ್ತು ವರ್ಷ, ಅಣ್ಣನಿಗೆ ಹದಿಮೂರು. ಸಂಜೆ ಅಪ್ಪ ಕೊಡಲಿಯನ್ನು ನನ್ನ ಕೈಗೆ ಕೊಟ್ಟು, "ಕಾವು ಸಡಲೈತಿ, ಬೆಣಿ ಬಡದು ಇಡು" ಎಂದು ಹೋಗಿದ್ದರು. ಓಣಿಯಲ್ಲಿ ಚಿಣಿದಾಂಡು ಆಟ ಆಗಲೇ ಶುರುವಾಗಿತ್ತು. ನಾನು ಬೆಣೆ ಬಡಿಯಲಿಲ್ಲ. ಕೊಡಲಿಯನ್ನು ತಲೆಕೆಳಗಾಗಿ ದನ ನೀರು ಕುಡಿಯುವ ಕಲ್ಲುಬಾನಿಯಲ್ಲಿ ಮುಳುಗಿಸಿಟ್ಟು ಓಡಿದೆ. ರಾತ್ರಿ ತೆಗೆದು ನೋಡಿದರೆ ಕಾವು ಉಬ್ಬಿ ಕಲ್ಲಿನಂತೆ ಬಿಗಿದಿತ್ತು. "ಬಡದೀನಿ" ಎಂದು ಅಪ್ಪನಿಗೆ ಹೇಳಿದೆ. ನೀರು ಕುಡಿದ ಕಟ್ಟಿಗೆ ಕಬ್ಬಿಣದ ಬಿಗಿಯೊಳಗೆ ಉಬ್ಬಲು ಜಾಗ ಸಿಗದೆ ತನ್ನ ನಾರನ್ನೇ ಅಮುಕಿಕೊಳ್ಳುತ್ತದೆ. ಒಣಗಿದಾಗ ಮೊದಲಿಗಿಂತ ಸಣ್ಣದಾಗುತ್ತದೆ. ಇದನ್ನು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮರುದಿನ ಮಟಮಟ ಮಧ್ಯಾಹ್ನ, ಆ ಬಿಸಿಲಿನಲ್ಲಿ, ಅಪ್ಪ ಎತ್ತಿ ಬೀಸಿದಾಗ ಕಬ್ಬಿಣ ಕಾವನ್ನು ಬಿಟ್ಟು ಹಾರಿತು. ಎದುರಿಗೆ ಬೊಡ್ಡೆ ಹೊರಳಿಸುತ್ತಿದ್ದ ಅಣ್ಣನ ಮೊಣಕಾಲ ಕೆಳಗೆ ಬಡಿಯಿತು. ಎಲುಬು ಮುರಿಯಿತು, ಕೂಡಿತು, ನೆಟ್ಟಗೆ ಕೂಡಲಿಲ್ಲ. ಏಳನೆಯ ಇಯತ್ತೆಯಲ್ಲಿದ್ದವನು ಮತ್ತೆ ಸಾಲೆಗೆ ಹೋಗಲಿಲ್ಲ. ನಾನು ಹೋದೆ. ಎಂ.ಎ. ಆದೆ. ಅಪ್ಪ ತೀರಿಕೊಳ್ಳುವವರೆಗೂ ಆ ಬಾನಿಯ ಮಾತನ್ನು ಯಾರಿಗೂ ಹೇಳಲಿಲ್ಲ. ಕಳಚದ ಕಾವನ್ನು ಹುಡುಕಿಕೊಂಡು ನಾನು ಅಂಗಡಿಗೆ ಹೋದದ್ದು ಸುಮ್ಮನೆ ಅಲ್ಲ.

ಅಣ್ಣ ಹೋಳಿನ ತೊಗಟೆ ಕೆತ್ತುತ್ತ ಎಲ್ಲವನ್ನೂ ಕೇಳಿದ. ಕೊನೆಗೆ ಹೇಳಿದ: "ಆ ಕಾವು ಬೇವಿಂದು; ಹಸೀದನ್ನ ಕೂಡ್ಸಿದ್ರು. ಬೆಣಿ ಬಡದಿದ್ರೂ ಆ ಬ್ಯಾಸಗ್ಯಾಗ ನಿಂದರತಿತ್ತೋ ಇಲ್ಲೋ. ಹೊಡಿಯಾವ ಮೊದಲ ಒಮ್ಮಿ ಅಲಗ್ಯಾಡಿಸಿ ನೋಡಬೇಕು, ಅಪ್ಪ ನೋಡ್ಲಿಲ್ಲ. ಹೊರಳಸಾವ ದೂರ ನಿಂದರಬೇಕು, ನಾ ನಿಂದರಲಿಲ್ಲ. ಒಂಬತ್ತ ವರ್ಷದ ಹುಡುಗನ ಕೈಯಾಗ ಆ ಕೆಲಸಾ ಕೊಡಬಾರದಿತ್ತು."

"ಆದರ ನಿನ್ನ ಸಾಲಿ..."

"ಸಾಲಿ ಕಾಲಿಂದ ಬಿಟ್ಟಿಲ್ಲೋ ತಮ್ಮಾ. ಅಪ್ಪಗ ಇಬ್ಬರನ್ನ ಓದಸೂದು ಆಗತಿದ್ದಿಲ್ಲ. ಒಬ್ಬಾವ ಬಿಡಬೇಕಾಗಿತ್ತು. ಕಾಲು ಒಂದು ನೆವಾ ಆತು."

ಇದು ನಿಜವೋ, ನನ್ನ ಮುಖ ನೋಡಿ ಹೇಳಿದ ಮಾತೋ ನನಗೆ ಇಂದಿಗೂ ತಿಳಿಯದು. ಅರ್ಧ ಏಟನ್ನು ತಾನೇ ನುಂಗಿ, ಕೈಗೆ ಅರ್ಧವನ್ನಷ್ಟೇ ಮುಟ್ಟಿಸುವುದು ಒಳ್ಳೆಯ ಕಾವಿನ ಲಕ್ಷಣವೆಂದು ಅವನೇ ಬೇಸಿಗೆಯಲ್ಲಿ ಹೇಳಿದ್ದನಲ್ಲವೆ? ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಹಿಡಿದುಕೊಂಡು ನಿಂತದ್ದು ಎಂಥ ಕಾವನ್ನೆಂದು ಆಗ ತಿಳಿಯಿತು. ಗಾದೆ ಮಾಡಿದವರು ಕಡಿಸಿಕೊಂಡ ಮರವನ್ನು ನೋಡಿದರು, ಅದು ಸರಿಯೇ. ಬೊಡ್ಡೆಗೆ ಒಂದು ಏಟು ಬಿದ್ದರೆ ಕಾವಿಗೆ ಎಲ್ಲ ಏಟುಗಳೂ ಬೀಳುತ್ತವೆಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಸಗಣಿ ತಾ ನಡಿ" ಎಂದು ಅಣ್ಣ ಎದ್ದ.

ಹೋಳಿನ ಎರಡೂ ತುದಿಗಳಿಗೆ ಸಗಣಿ ಮೆತ್ತಿದೆವು. ತುದಿಯಿಂದ ನೀರು ಬೇಗ ಆರಿದರೆ ಕಟ್ಟಿಗೆ ಸೀಳುಬಿಡುತ್ತದೆ. ನಿಧಾನವಾಗಿ, ನೆರಳಿನಲ್ಲಿ, ಹೊಟ್ಟೆಯೊಳಗಿಂದ ಒಣಗಬೇಕು. ಅಡಿಗೆಮನೆಯ ಜಂತಿಗೆ ಅದನ್ನು ಅಡ್ಡಲಾಗಿ ಕಟ್ಟಿದೆವು. ಯುಗಾದಿಗೆ ಇಳಿಸಿ, ಬಾಚಿಯಿಂದ ಕೆತ್ತಿ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಬೇಕು. ಆಮೇಲೆ ಎಣ್ಣೆ. ವಾರ್ನಿಶ್ ಹಚ್ಚಿದರೆ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಆದ್ದರಿಂದ ಪರದೇಶದ ಕುಶಲಿಗಳು ಕಾವಿಗೆ ಅಗಸೆ ಎಣ್ಣೆಯನ್ನೇ ತಿಕ್ಕುತ್ತಾರೆಂದು ನಾನು ಓದಿದ್ದನ್ನು ಹೇಳಿದೆ. ವೈನಿ ಒಲೆಯ ಮುಂದಿನಿಂದ, "ಅಗಸಿ ಏನ್ ಪರದೇಶದಿಂದ ತರಬೇಕೇನು? ದಿನಾ ಚಟ್ನಿ ತಿಂತೀರಲ್ಲ!" ಎಂದು ನಕ್ಕರು.

ನಾನು ಹೊರಡುವಾಗ ಅಣ್ಣ ಜಂತಿಯ ಕಡೆ ನೋಡಿ ಹೇಳಿದ: "ಯುಗಾದಿಗೆ ಬಾ. ಈ ಸಲ ಬೆಣಿ ನೀನ ಬಡಿ."

ಈಗ ಇಂಡಿಯಲ್ಲಿ ಕುಳಿತು ಇದನ್ನು ಬರೆಯುವಾಗಲೂ ಆ ಹೋಳು ಅಲ್ಲಿ ಹೊಗೆಯ ನಡುವೆ ಒಣಗುತ್ತಿದೆ. ಆಗಾಗ ಫೋನು ಮಾಡಿ ಅದರ ಯೋಗಕ್ಷೇಮ ವಿಚಾರಿಸುತ್ತೇನೆ. "ಇನ್ನೂ ಹಸಿ ಐತಿ" ಎನ್ನುತ್ತಾನೆ ಅಣ್ಣ. ಅವಸರವೇನೂ ಇಲ್ಲ. ಯುಗಾದಿಗೆ ನಾನು ರಜೆಯನ್ನು ಈಗಲೇ ಬರೆದುಕೊಟ್ಟಿದ್ದೇನೆ.